ಹಗುರ ರಾಟೆಯ ಭಾರ

ಶಾಲೆಯ ಹಿಂದಿನ ಬಾವಿಯ ರಾಟೆಯನ್ನು ತೋರಿಸಿ ನಾನು ಸರಳ ಯಂತ್ರಗಳ ಪಾಠ ಹೇಳುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಪಾಠ ಕೇಳಿದ ಶಿಷ್ಯನೊಬ್ಬ ಈಗ ಅಮೆರಿಕದಲ್ಲಿದ್ದಾನೆ. ಅವನಲ್ಲಿ 1990ರ ದಶಕದ ಟೊಯೋಟ ಸುಪ್ರಾ ಎಂಬ ಸ್ಪೋರ್ಟ್ಸ್ ಕಾರಿದೆ. ಅದರ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿರುವ ಭಾರವಾದ ಪುಲ್ಲಿಯನ್ನು ತೆಗೆಸಿ, ಹಗುರವೂ ತುಸು ಚಿಕ್ಕದೂ ಆದ ಅಲ್ಯೂಮಿನಿಯಂ ಪುಲ್ಲಿ ಹಾಕಿಸುವ ಬಯಕೆ ಅವನದು. "ತಿರುಗುವ ವಸ್ತು ಹಗುರವಾದಷ್ಟೂ ಬೇಗ ವೇಗ ಪಡೆಯುತ್ತದೆ ಎಂದು ನೀವೇ ಹೇಳಿದ್ದಿರಲ್ಲ ಸಾರ್?" ಎಂದು ಫೋನಿನಲ್ಲಿ ಕೇಳಿದ. ಹೇಳಿದ್ದು ನಿಜ. ಆದರೂ ಬೇಡವೆಂಬುದೇ ನನ್ನ ಅಭಿಪ್ರಾಯ.

ಮೊದಲು ಲಾಭದ ಲೆಕ್ಕ ನೋಡೋಣ. 7 ಸೆಂಟಿಮೀಟರ್ ತ್ರಿಜ್ಯದ ಪುಲ್ಲಿಯಲ್ಲಿ ಒಂದೂವರೆ ಕಿಲೋ ತೂಕ ಇಳಿಯಿತೆನ್ನಿ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಉಳಿಯುವ ಚಲನಶಕ್ತಿ ಸುಮಾರು 725 ಜೌಲ್. ಅದೇ ಹೊತ್ತಿಗೆ, ಮೊದಲ ಗೇರಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗ ತಲುಪಿದ 1,500 ಕಿಲೋ ಕಾರಿನ ಚಲನಶಕ್ತಿ ಎರಡು ಲಕ್ಷ ಜೌಲಿಗೂ ಹೆಚ್ಚು. ಡಿಕ್ಕಿಯಿಂದ ಐದಾರು ಕಿಲೋ ಸಾಮಾನು ಇಳಿಸಿದರೂ ಇಷ್ಟೇ ಫಲ! ಇನ್ನು ಪುಲ್ಲಿ ಚಿಕ್ಕದಾದರೆ ಬೆಲ್ಟಿನ ಓಟ ತಗ್ಗಿ, ಎ.ಸಿ. ಮುಂತಾದವುಗಳಿಗೆ ಎಂಜಿನ್ ತೆರುವ ಶಕ್ತಿ ಒಂದಿಷ್ಟು ಉಳಿಯುವುದು ಸುಳ್ಳಲ್ಲ. ಆದರೆ ಸಿಗ್ನಲಿನಲ್ಲಿ ನಿಂತಾಗ ಆಲ್ಟರ್ನೇಟರ್ ಕೂಡ ನಿಧಾನವಾಗಿ, ಬ್ಯಾಟರಿಯ ಮೇಲೆ ಹೊರೆ ಬೀಳಬಹುದು.

ನಷ್ಟದ ಕಡೆಯೇ ದೊಡ್ಡದು. ಆ ಹಳೆಯ ಪುಲ್ಲಿ ಬರಿಯ ರಾಟೆಯಲ್ಲ. ಅದರ ನಡುಭಾಗಕ್ಕೂ ಹೊರಬಳೆಗೂ ಮಧ್ಯೆ ರಬ್ಬರಿನ ಪಟ್ಟಿಯಿದೆ. ಆರು ಸಿಲಿಂಡರುಗಳು ಒಂದಾದ ಮೇಲೊಂದು ಸಿಡಿಯುವಾಗ ಉಕ್ಕಿನ ಶಾಫ್ಟ್ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ತಿರುಚಿಕೊಂಡು ಮರಳುತ್ತದೆ. ಉಯ್ಯಾಲೆಯನ್ನು ನೆನೆಯಿರಿ: ಅದರ ಲಯಕ್ಕೆ ಸರಿಯಾಗಿ ಮಗು ತಳ್ಳಿದರೂ ತೂಗು ಏರುತ್ತಲೇ ಹೋಗುತ್ತದೆ. ಹಾಗೆಯೇ ಕೆಲವು ವೇಗಗಳಲ್ಲಿ ಹೊಡೆತಗಳ ಲಯವೂ ಶಾಫ್ಟಿನ ಸಹಜ ಕಂಪನವೂ ಕೂಡಿಕೊಳ್ಳುತ್ತವೆ. ಆಗ ಆ ಬಳೆಯೂ ರಬ್ಬರೂ ಕಂಪನವನ್ನು ಹೀರಿ ಶಾಖವಾಗಿಸುತ್ತವೆ. ಅವಿಲ್ಲದಿದ್ದರೆ ಬೋಲ್ಟು ಸಡಿಲವಾಗಬಹುದು, ಆಯಿಲ್ ಪಂಪಿನ ಗೇರು ಒಡೆಯಬಹುದು, ಶಾಫ್ಟೇ ಬಿರುಕುಬಿಡಬಹುದು. ಸಾಲಾಗಿ ಆರು ಸಿಲಿಂಡರುಗಳಿರುವ ಎಂಜಿನ್ನಿನ ಉದ್ದನೆಯ ಶಾಫ್ಟಿಗೆ ಈ ಅಪಾಯ ಹೆಚ್ಚು.

ಕಾರ್ಖಾನೆಯಿಂದಲೇ ರಬ್ಬರಿಲ್ಲದ ಪುಲ್ಲಿಯೊಂದಿಗೆ ಬರುವ, ಗಿಡ್ಡ ಶಾಫ್ಟಿನ ಎಂಜಿನ್ನುಗಳ ಮಾತು ಬೇರೆ. ಅಲ್ಲಿ ನನ್ನ ತಕರಾರು ಅಷ್ಟಿಲ್ಲ. ಆದರೆ ಕ್ಷಣದ ನೂರರಲ್ಲೊಂದು ಭಾಗಕ್ಕಾಗಿ ಹೆಣಗುವ ಅಮೆರಿಕದ ಡ್ರ್ಯಾಗ್ ರೇಸಿನಲ್ಲೂ ಅತಿವೇಗದ ಕಾರುಗಳಿಗೆ ಎಸ್‌ಎಫ್‌ಐ 18.1 ಮಾನದಂಡದ ಡ್ಯಾಂಪರ್ ಇರಬೇಕೆಂಬ ನಿಯಮವಿದೆ ಎಂಬುದನ್ನು ಗಮನಿಸಬೇಕು.

ಅವನ ತಪ್ಪಿನಲ್ಲಿ ನನ್ನ ಪಾಲೂ ಇದೆ. ಜಡತ್ವಕ್ಕೆ ನಾಲ್ಕು ಪೀರಿಯಡ್ ಕೊಟ್ಟವನು ಅನುನಾದಕ್ಕೆ ಅರ್ಧ ಪೀರಿಯಡನ್ನೂ ಕೊಡಲಿಲ್ಲ. ಪರೀಕ್ಷೆಗೆ ಅದು ಬರುವುದು ಅಪರೂಪವೆಂದು ಅವಸರದಲ್ಲಿ ದಾಟಿಸಿಬಿಟ್ಟೆ. ಬಾಕಿಯುಳಿದ ಆ ಪಾಠವನ್ನು ಇಂದು ಇಲ್ಲಿ ಮುಗಿಸಿದ್ದೇನೆ. ಓದಿ ಮುಗಿಸಿದ ಮೇಲೂ ಪುಲ್ಲಿ ಬೇಕೆನಿಸಿದರೆ ಇನ್ನೊಮ್ಮೆ ಫೋನ್ ಮಾಡಪ್ಪಾ.