ನಮ್ಮ ಕಿಟಕಿ: ಚಿತ್ರದಲ್ಲಿ ಕಾಣದ ಮಸ್ಕತ್

ಊರಿನಿಂದ ಬಂದ ನೆಂಟರಿಗೆ ಜಲಾಲಿ, ಮಿರಾನಿ ಕೋಟೆಗಳನ್ನು ತೋರಿಸದವರು ನಮ್ಮ ಸಂಘದಲ್ಲಿ ಯಾರೂ ಇರಲಾರರು. ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಡೇನಿಯಲ್, ತಮ್ಮ ಸೋದರನ ಮಗ ವಿಲಿಯಂ ಜೊತೆ 1793ರಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಇದೇ ಮಸ್ಕತ್ತಿಗೆ ಬಂದಿದ್ದರು. ಅದರ ಹಿಂದಿನ ವರ್ಷವೇ ಇಬ್ಬರೂ ನಮ್ಮ ಮೈಸೂರು ಸೀಮೆಯನ್ನು ಸುತ್ತಿದ್ದರು.

ಅಲ್ಲಿ ಅವರಿಗೆ ದಾರಿ ತೆರೆದದ್ದು ಫಿರಂಗಿ. ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿದದ್ದು 1791ರ ಮಾರ್ಚಿಯಲ್ಲಿ. ಆ ಸೈನ್ಯದ ಜೊತೆಗೇ ಇದ್ದ ರಾಬರ್ಟ್ ಹೋಮ್ 1794ರಲ್ಲಿ ಮೈಸೂರು ಸೀಮೆಯ ನೋಟಗಳದೇ ಒಂದು ಪುಸ್ತಕ ತಂದರು. ಅಂಥ ಚಿತ್ರಗಳನ್ನು ‘ಹಳೆಯ ಬೆಂಗಳೂರು’ ಎಂದು ಗೋಡೆಗೆ ತೂಗುಹಾಕುತ್ತೇವೆ. ಚಂದವೇನೋ ಹೌದು, ಆದರೆ ಗೆದ್ದವರ ಡೇರೆಯಿಂದ ಕಂಡ ಊರು ಅದು ಎಂದು ಮಕ್ಕಳಿಗೆ ಹೇಳುವುದಿಲ್ಲ.

ಮಸ್ಕತ್ತಿನಲ್ಲಿ ಆಗ ಟೀಪುವಿನ ವ್ಯಾಪಾರದ ಕೋಠಿಯೇ ಇತ್ತು. ನಮ್ಮ ಅಕ್ಕಿ, ಗಂಧ ಇಲ್ಲಿ ಇಳಿಯುತ್ತಿದ್ದವು. ಸಮುದ್ರದ ಕಡೆಯಿಂದ ಬರೆದ ಚಿತ್ರದಲ್ಲಿ ಬಂಡೆ, ಕೋಟೆ, ಹಡಗು ಎಲ್ಲ ಸಿಗುತ್ತವೆ. ಮೂಟೆ ಹೊತ್ತವನು, ಅದನ್ನು ತೂಗಿ ಕೊಂಡವನು ಗೋಡೆಯ ಆಚೆಗೇ ಉಳಿದುಬಿಡುತ್ತಾರೆ.

ಮಕ್ಕಳ ಪುಟಕ್ಕೆ ಮುತ್ರಾ ಸೂಕಿನ ಅಂಗಡಿಗಳ ಚಿತ್ರ ಬರೆಸಿ ಕಳಿಸಿಕೊಡಿ. ಕೋಟೆಗಳದ್ದು ನಮ್ಮಲ್ಲಿ ಬೇಕಾದಷ್ಟು ಬಂದಿವೆ.