ಕೋವಿಡ್ ಕಾಲದ 716 ದಿನಗಳು: ಕೋರ್ಟಿನ ಗಡುವು ಯಾರಿಗೆ ನಿಂತಿತು, ಯಾರಿಗೆ ನಿಲ್ಲಲಿಲ್ಲ?

ಬೆಂಗಳೂರು: ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ಉದ್ಯೋಗಕ್ಕೆಂದು ಹೋಗಿ ಬೆಂಗಳೂರಿನ ದಂಡು ಪ್ರದೇಶದಲ್ಲೂ ಪೂರ್ವ ಭಾಗದಲ್ಲೂ ನೆಲೆಸಿದ ಕುಟುಂಬಗಳು ಕಡಿಮೆಯೇನಲ್ಲ. ಶಿವಾಜಿನಗರ, ಹಲಸೂರಿನಲ್ಲಿ ಹಳೆಯ ತಲೆಮಾರಿನವರು, ಇಂದಿರಾನಗರ, ಕೆ.ಆರ್. ಪುರದಲ್ಲಿ ಈಚಿನವರು. ಸಾಲ, ಲೀಸಿನ ಹಣ, ಸೈಟಿನ ತಕರಾರು ಎಂದು ಮಾತು ಬಂದಾಗ ಇವರ ನಡುವೆ ಇಂದಿಗೂ ಒಂದು ನಂಬಿಕೆ ಉಂಟು: "ಕೊರೊನಾ ಸಮಯದಲ್ಲಿ ಕೋರ್ಟು ಎರಡು ವರ್ಷ ಬಿಟ್ಟುಕೊಟ್ಟಿದೆ, ಕೇಸು ಹಾಕಲು ಅವಸರವಿಲ್ಲ." ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಿಳಿಯದಿದ್ದರೆ ಕೈಯಲ್ಲಿರುವ ಹಕ್ಕೇ ಹೋಗಬಹುದು.

ನಮ್ಮ ದೇಶದಲ್ಲಿ ದಾವೆ ಹೂಡಲು ಗಡುವನ್ನು ಮುಖ್ಯವಾಗಿ ಗೊತ್ತುಪಡಿಸುವುದು 1963ರ ಕಾಲಮಿತಿ ಕಾಯಿದೆ, ವಕೀಲರ ಬಾಯಲ್ಲಿ 'ಲಿಮಿಟೇಶನ್'. ಕೈಸಾಲ ವಸೂಲಿಗೆ 3 ವರ್ಷ. ಕರಾರು ಮಾಡಿಕೊಂಡು ಜಾಗ ನೋಂದಣಿ ಮಾಡಿಕೊಡದವರ ವಿರುದ್ಧ 3 ವರ್ಷ. ತನ್ನ ಮಾಲೀಕತ್ವದ ಆಸ್ತಿಯ ಸ್ವಾಧೀನ ಕೇಳಲು 12 ವರ್ಷ. ಸಿವಿಲ್ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 90 ದಿನ. ಮೇಲ್ಮನವಿ ತಡವಾದರೆ ಸಕಾರಣ ತೋರಿಸಿ ಕ್ಷಮೆ ಕೇಳಬಹುದು. ಹೊಸ ದಾವೆಗೆ ಆ ಅವಕಾಶವೂ ಇಲ್ಲ. ಎದುರಾಳಿ ಬಾಯಿ ಬಿಡದಿದ್ದರೂ ಗಡುವು ಮೀರಿದ ದಾವೆಯನ್ನು ನ್ಯಾಯಾಧೀಶರು ವಜಾ ಮಾಡಲೇಬೇಕು. ಹಾಗಾಗಿ 2020ರ ಮಾರ್ಚಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಇದು ವಕೀಲರ ತಾಂತ್ರಿಕ ಚಿಂತೆ ಮಾತ್ರ ಆಗಿರಲಿಲ್ಲ.

ಮಾರ್ಚ್ 22, ತಪಸ್ಸು ಕಾಲದ ನಾಲ್ಕನೇ ಆದಿತ್ಯವಾರ, ಜನತಾ ಕರ್ಫ್ಯೂ. ಮರುದಿನವೇ, ದೇಶವ್ಯಾಪಿ ಲಾಕ್‌ಡೌನ್ ಘೋಷಣೆಗೂ ಮೊದಲು, ಸುಪ್ರೀಂ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು, ಮಾರ್ಚ್ 15ರಿಂದಲೇ ಅನ್ವಯವಾಗುವಂತೆ ದೇಶದ ಎಲ್ಲ ನ್ಯಾಯಾಲಯ ಮತ್ತು ನ್ಯಾಯಮಂಡಳಿಗಳ ಗಡುವನ್ನು ಮುಂದಿನ ಆದೇಶದವರೆಗೆ ವಿಸ್ತರಿಸಿತು. ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರವನ್ನು ಇದಕ್ಕೆ ಬಳಸಿತು. ಜನರು ಅರ್ಜಿ ಸಲ್ಲಿಸಲು ಖುದ್ದಾಗಿ ಕೋರ್ಟಿಗೆ ಬರುವಂತಾಗಬಾರದು ಎಂಬುದು ಉದ್ದೇಶ.

ಆಮೇಲಿನ ಕಥೆ ಅಷ್ಟು ಸರಳವಲ್ಲ. 2021ರ ಮಾರ್ಚ್ 8ರಂದು, ಪರಿಸ್ಥಿತಿ ಸುಧಾರಿಸಿತೆಂದು ಕೋರ್ಟು ಈ ರಿಯಾಯಿತಿಯನ್ನು ಮುಗಿಸಿತು. ಏಪ್ರಿಲಿನಲ್ಲಿ ಎರಡನೇ ಅಲೆ ಬಂತು. ಏಪ್ರಿಲ್ 27ರಂದು ರಿಯಾಯಿತಿ ಮರಳಿ ಜಾರಿಯಾಯಿತು. ಅದೇ ದಿನ ರಾತ್ರಿ 9 ಗಂಟೆಯಿಂದ ಕರ್ನಾಟಕ ಸರಕಾರವೂ ರಾಜ್ಯವನ್ನು ಮತ್ತೆ ಬಂದ್ ಮಾಡಿತು. ಸೆಪ್ಟೆಂಬರ್ 23ರಂದು ಪುನಃ ಮುಕ್ತಾಯ, ಅಕ್ಟೋಬರ್ 2 ಕೊನೆಯ ದಿನ ಎಂದಾಯಿತು. ಒಮಿಕ್ರಾನ್ ಬಂದ ಮೇಲೆ 2022ರ ಜನವರಿ 10ರಂದು ಮತ್ತೊಂದು ಆದೇಶ. ಒಂದು ಸಲ ತೆರೆದು ಒಂದು ಸಲ ಮುಚ್ಚಿದ ಈ ಬಾಗಿಲನ್ನು ದಿನವೂ ಗಮನಿಸುತ್ತಿದ್ದವರು ವಕೀಲರು ಮಾತ್ರ. ವಕೀಲರಿಲ್ಲದ ಬಡವನಿಗೆ ಇದನ್ನು ಅವನ ಭಾಷೆಯಲ್ಲಿ ತಿಳಿಸುವ ಹೊಣೆಯನ್ನು ಯಾರೂ ಗಂಭೀರವಾಗಿ ಹೊರಲಿಲ್ಲವೆಂದೇ ಹೇಳಬೇಕು.

ಇಂದಿಗೆ ಮುಖ್ಯವಾದುದು ಜನವರಿ 10ರ ಕೊನೆಯ ಆದೇಶ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಗಡುವಿನ ಲೆಕ್ಕದಿಂದ ಬಿಡಬೇಕು. ಎರಡೂ ತುದಿಗಳನ್ನು ಸೇರಿಸಿ ಎಣಿಸಿದರೆ 716 ದಿನ. ಈ ಅವಧಿಯೊಳಗೆ ಗಡುವು ಮುಗಿಯಬೇಕಿದ್ದವರಿಗೆ 2022ರ ಮಾರ್ಚ್ 1ರಿಂದ 90 ದಿನ. ಬಾಕಿ ಉಳಿದ ದಿನಗಳು 90ಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಅವಧಿಯೇ ಸಿಗುತ್ತದೆ.

ಈ ಲೆಕ್ಕವನ್ನು 2024ರ ಮಾರ್ಚ್ 1ರಂದು, ಕಾಬೂಲಿನ ಅರಿಫ್ ಅಜೀಂ ಕಂಪನಿ ಮತ್ತು ಆಪ್ಟೆಕ್ ಸಂಸ್ಥೆಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ತೋರಿಸಿತು. ಅಲ್ಲಿ ಮೂರು ವರ್ಷದ ಗಡುವು 2021ರ ಮಾರ್ಚಿನಲ್ಲಿ ಮುಗಿಯಬೇಕಿತ್ತು. 2020ರ ಮಾರ್ಚ್ 15ಕ್ಕೆ ಉಳಿದಿದ್ದದ್ದು 1 ವರ್ಷ 13 ದಿನ. ಆ 1 ವರ್ಷ 13 ದಿನ 2022ರ ಮಾರ್ಚ್ 1ರಿಂದ ಮತ್ತೆ ಓಡತೊಡಗಿ 2023ರ ಮಾರ್ಚ್ 13ಕ್ಕೆ ಮುಗಿಯಿತು ಎಂದು ಕೋರ್ಟು ಹೇಳಿತು. ಅಂದರೆ ಗಡಿಯಾರವನ್ನು ನಿಲ್ಲಿಸಿ, ನಿಂತಲ್ಲಿಂದಲೇ ಮತ್ತೆ ಓಡಿಸಿದಂತೆ. ಎಲ್ಲರಿಗೂ ಹೊಸದಾಗಿ ಎರಡು ವರ್ಷ ಹಂಚಿದ್ದಲ್ಲ.

ಈಗ ನಮ್ಮವರ ಸಂಗತಿಗೆ ಬರೋಣ. ದಂಡು ಪ್ರದೇಶದ ಜನರಿಗೆ ಕೋರ್ಟು ಎಂದರೆ ಮೊದಲು ನೆನಪಾಗುವುದು ಎಂ.ಜಿ. ರಸ್ತೆಯ ಬದಿಯ ಮೇಯೋ ಹಾಲ್. ವೈಸ್‌ರಾಯ್ ಲಾರ್ಡ್ ಮೇಯೋ ನೆನಪಿಗೆ 1883ರಲ್ಲಿ ಕಟ್ಟಿದ ಈ ಕಟ್ಟಡದ ಆವರಣದಲ್ಲಿ ಸಿವಿಲ್ ನ್ಯಾಯಾಲಯಗಳೂ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳೂ ಇವೆ. ಚೆಕ್ ಬೌನ್ಸ್ ದೂರುಗಳು ಇಲ್ಲಿ ರಾಶಿ ರಾಶಿ. ಶಿವಾಜಿನಗರದಿಂದ ದೂರ ಹೆಚ್ಚಿಲ್ಲ. ಆದರೆ 2020ರ ಮೇ ತಿಂಗಳಲ್ಲಿ ಶಿವಾಜಿನಗರದ ಬೀದಿಗಳು ಕಂಟೈನ್‌ಮೆಂಟ್ ವಲಯವಾಗಿ ಬ್ಯಾರಿಕೇಡ್ ಬಿದ್ದಿದ್ದಾಗ ಅಷ್ಟು ದೂರವೂ ದಾಟಲಾಗದಷ್ಟಾಗಿತ್ತು.

ಚೆಕ್ಕಿನ ವಿಷಯದಲ್ಲೇ ಹೆಚ್ಚು ಜನ ಎಡವಿದ್ದು. ಚೆಕ್ ವಾಪಸಾದ ಮೇಲೆ 30 ದಿನದೊಳಗೆ ನೋಟಿಸು, ಹಣ ಕೊಡಲು 15 ದಿನ, ಕೊಡದಿದ್ದರೆ ಒಂದು ತಿಂಗಳೊಳಗೆ ದೂರು, ಇದು ಕ್ರಮ. 2020ರ ಮೇ 6ರ ಆದೇಶ ಈ 138ನೇ ಕಲಮಿಗೂ ರಿಯಾಯಿತಿ ಕೊಟ್ಟಿತು. ಮುಂದೆ 2021ರ ಮಾರ್ಚಿನ ಆದೇಶ ಸಾಲಗಾರನಿಗಿರುವ ಆ 15 ದಿನಗಳಿಗೆ ಸಂಬಂಧಿಸಿದ ಭಾಗವನ್ನೂ ಹೆಸರಿಸಿ ಸೇರಿಸಿತು. ಆದರೆ ಚೆಕ್ಕಿಗೇ ಇರುವ ಮೂರು ತಿಂಗಳ ಆಯುಸ್ಸು? ಅದನ್ನು ವಿಸ್ತರಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟು 2020ರ ಜುಲೈ 10ರಂದು ಒಪ್ಪಲಿಲ್ಲ. ಅದು ಶಾಸನದ ಗಡುವಲ್ಲ, ರಿಸರ್ವ್ ಬ್ಯಾಂಕು ಹಾಕಿದ್ದು, ಅವರೇ ನೋಡಿಕೊಳ್ಳಲಿ ಎಂದಿತು. ಚೆಕ್ಕನ್ನು ಕಪಾಟಿನಲ್ಲಿಟ್ಟು ಕುಳಿತವನಿಗೆ ಕೋರ್ಟಿನ ರಿಯಾಯಿತಿ ಒದಗಲಿಲ್ಲ. ಬ್ಯಾಂಕು ಕಂತುಗಳಿಗೆ 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ಸಿಕ್ಕ ವಿನಾಯಿತಿಯೂ ಬೇರೆಯೇ. ಅದಕ್ಕೂ ಕೋರ್ಟಿನ ಗಡುವಿಗೂ ಸಂಬಂಧವಿಲ್ಲ.

ಕೆ.ಆರ್. ಪುರದ ಕಡೆ ಜಮೀನು, ಸೈಟುಗಳ ಗೊಂದಲ ಹೆಚ್ಚು. ಬೆಂಗಳೂರು ಪೂರ್ವ ತಾಲೂಕು ಕಚೇರಿ ಇರುವುದೂ ಅಲ್ಲೇ. ಅಲ್ಲಿನ ಮ್ಯುಟೇಶನ್ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ 60 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಜನವರಿ 10ರ ಆದೇಶ ಅರೆನ್ಯಾಯಿಕ ವಿಚಾರಣೆಗಳಿಗೂ ಅನ್ವಯವಾದುದರಿಂದ ಇಂಥ ಮೇಲ್ಮನವಿಗಳೂ ಅದರ ನೆರಳಿಗೆ ಬಂದವು. ಅದೇ ಕಚೇರಿಗೆ ಕೊಡುವ ಸಾಮಾನ್ಯ ಅರ್ಜಿಗಳ ಮಾತು ಬೇರೆ.

ಇದರ ಕಹಿ ಉದಾಹರಣೆ ಕೋವಿಡ್‌ನಿಂದ ತೀರಿಕೊಂಡವರ ಕುಟುಂಬಕ್ಕೆ ಗೊತ್ತುಪಡಿಸಿದ 50,000 ರೂಪಾಯಿ ಪರಿಹಾರ. 2022ರ ಮಾರ್ಚ್ 20ಕ್ಕಿಂತ ಮುಂಚಿನ ಸಾವುಗಳಿಗೆ ಅರ್ಜಿ ಹಾಕಲು ಅದೇ ಮಾರ್ಚ್ 24ರಿಂದ 60 ದಿನ ಮಾತ್ರ ಎಂದು ಸುಪ್ರೀಂ ಕೋರ್ಟೇ ಹೇಳಿತು. ತೀರಾ ಕಷ್ಟದಲ್ಲಿದ್ದವರು ಕುಂದುಕೊರತೆ ಸಮಿತಿಯ ಮೊರೆ ಹೋಗಲು ದಾರಿ ಇಟ್ಟಿತು, ನಿಜ. ಆದರೂ ಆಸ್ತಿ ವ್ಯಾಜ್ಯದವನಿಗೆ ಎರಡು ವರ್ಷದ ಬಿಡುವು, ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ ಎರಡು ತಿಂಗಳು ಎಂದರೆ ನ್ಯಾಯದ ತಕ್ಕಡಿ ಸರಿಯಾಗಿ ತೂಗಿದೆ ಎನ್ನಲು ಮನಸ್ಸು ಬರುವುದಿಲ್ಲ.

ಇನ್ನೊಂದು ಕಡೆ ಅದೇ ನ್ಯಾಯಾಲಯ ಎತ್ತಿಹಿಡಿದ ತತ್ವವನ್ನು ಮೆಚ್ಚಲೇಬೇಕು. ಬಂಧಿತನ ಮೇಲೆ ಪೊಲೀಸರು 60 ಅಥವಾ 90 ದಿನದೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ ಅವನಿಗೆ ಜಾಮೀನು ಪಡೆಯುವ ಹಕ್ಕು ಇದೆ. ಲಾಕ್‌ಡೌನ್ ರಿಯಾಯಿತಿ ತಮಗೂ ಸಿಗಬೇಕೆಂದು ತಮಿಳುನಾಡಿನ ಪೊಲೀಸರ ಪರವಾಗಿ ವಾದ ಬಂತು. ಮದ್ರಾಸ್ ಹೈಕೋರ್ಟಿನ ಒಂದು ಪೀಠ ಒಪ್ಪಿಯೂ ಬಿಟ್ಟಿತು. 2020ರ ಜೂನ್ 19ರಂದು ಎಸ್. ಕಾಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ತಳ್ಳಿಹಾಕಿತು. ಕಕ್ಷಿದಾರರ ಅನುಕೂಲಕ್ಕೆ ಮಾಡಿದ ವ್ಯವಸ್ಥೆಯನ್ನು ಒಬ್ಬನನ್ನು ಹೆಚ್ಚು ದಿನ ಸೆರೆಯಲ್ಲಿಡಲು ಬಳಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಸೆರೆಮನೆ ಸೇವೆಯಲ್ಲಿ ತೊಡಗಿರುವ ನಮ್ಮ ಧರ್ಮಭಗಿನಿಯರಿಗೂ ಸ್ವಯಂಸೇವಕರಿಗೂ ಈ ತೀರ್ಪು ನೆನಪಿನಲ್ಲಿರಲಿ.

ಹಾಗಾದರೆ ಈಗ ಯಾರಿಗೆ ಪ್ರಯೋಜನ? 2019ರಲ್ಲಿ ಕೊಟ್ಟ ಸಾಮಾನ್ಯ ಕೈಸಾಲದ ಅವಧಿ ಕೋವಿಡ್ ದಿನಗಳನ್ನು ಬಿಟ್ಟರೂ 2024ರೊಳಗೆ ಮುಗಿದಿದೆ. ನಡುವೆ ಸಾಲಗಾರ ಬರವಣಿಗೆಯಲ್ಲಿ ಸಾಲ ಒಪ್ಪಿದ್ದರೆ ಅಥವಾ ಸ್ವಲ್ಪ ಹಣ ಕೊಟ್ಟು ಅದಕ್ಕೆ ಅವನ ಬರಹದ ಗುರುತು ಇದ್ದರೆ ಲೆಕ್ಕ ಬೇರೆಯಾಗಬಹುದು. 2022ರ ಮಾರ್ಚಿನ ನಂತರ ಹುಟ್ಟಿದ ತಕರಾರಿಗೆ 716 ದಿನಗಳ ಪ್ರಶ್ನೆಯೇ ಇಲ್ಲ. ಉಳಿಯುವುದು 12 ವರ್ಷದ ಗಡುವಿನ ಸ್ವಾಧೀನದ ದಾವೆಗಳು. ಉದಾಹರಣೆಗೆ, 2015ರ ಆಗಸ್ಟಿನಲ್ಲಿ ಒಬ್ಬರ ಸೈಟನ್ನು ಬೇರೆಯವರು ಆಕ್ರಮಿಸಿದ್ದರೆ ಗಡುವು ಸಾಮಾನ್ಯವಾಗಿ 2027ರ ಆಗಸ್ಟಿಗೆ ಮುಗಿಯಬೇಕು. ಕೋವಿಡ್ ದಿನಗಳನ್ನು ಬಿಟ್ಟು ಸುಮಾರು 2029ರ ಮಧ್ಯದವರೆಗೆ ಅವಕಾಶ ಉಂಟೆಂದು ವಾದಿಸಬಹುದು. ಆದರೆ ಆ ವಾದವನ್ನೇ ನೆಚ್ಚಿಕೊಂಡು ಕೊನೆಯ ದಿನದವರೆಗೆ ಕಾಯುವುದು ಜಾಣತನವಲ್ಲ. ಆಕ್ರಮಣ ಯಾವ ದಿನ ಆಯಿತು ಎಂಬುದೇ ಎಷ್ಟೋ ಸಲ ಜಗಳದ ಮೂಲ.

ವಾಳೆಯ ಗುರಿಕಾರರ ಬಳಿಗೋ ಧರ್ಮಗುರುಗಳ ಬಳಿಗೋ ಇಂಥ ಕಾಗದ ಹಿಡಿದು ಬಂದವರಿಗೆ ಮೊದಲು ಕೇಳಬೇಕಾದ್ದು ಎರಡೇ: ತಕರಾರು ಹುಟ್ಟಿದ ತಾರೀಕು ಯಾವುದು, ಅದನ್ನು ತೋರಿಸುವ ಕಾಗದ ಯಾವುದು. ವಕೀಲರಿಗೆ ಹಣ ಹೊಂದಿಸಲಾಗದವರು 15100 ಸಂಖ್ಯೆಗೆ ಕರೆ ಮಾಡಿ ಕಾನೂನು ಸೇವೆಗಳ ಪ್ರಾಧಿಕಾರದ ನೆರವು ಕೇಳಬಹುದು. 1987ರ ಕಾಯಿದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ ಈ ನೆರವು ಆದಾಯದ ಮಿತಿಯಿಲ್ಲದೆ ಉಚಿತ.