‘ರೈಟ್ ಆಫ್’ ಆದ ಕಾರ್ಡ್ ಸಾಲ: ಲೆಕ್ಕದಿಂದ ಅಳಿದದ್ದು ತಲೆಯಿಂದ ಇಳಿಯಿತೇ?

ಜವಳಗೇರಾ (ಸಿಂಧನೂರು ತಾ.): ವರ್ಷಗಟ್ಟಲೆ ಬಾಕಿ ಉಳಿದಿದ್ದ ಕ್ರೆಡಿಟ್ ಕಾರ್ಡ್ ಸಾಲವನ್ನು ಬ್ಯಾಂಕು ಒಂದು ದಿನ ತಾನಾಗಿಯೇ ‘ರೈಟ್ ಆಫ್’ ಮಾಡಿದೆ ಎಂದು ತಿಳಿದರೆ ಸಾಲಗಾರನಿಗೆ ನಿರಾಳವೆನಿಸುವುದು ಸಹಜ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೂ ಭತ್ತದ ಧಾರಣೆಯನ್ನೂ ನಂಬಿ ಬದುಕುವ ಈ ಭಾಗದಲ್ಲಂತೂ ‘ಸಾಲ ಮನ್ನಾ’ ಎಂಬ ಮಾತು ಕೇಳದ ಮನೆಯಿಲ್ಲ. ಆದರೆ ‘ರೈಟ್ ಆಫ್’ ಎಂಬುದನ್ನು ‘ಮನ್ನಾ’ ಎಂದು ಓದಿಕೊಂಡವರು ಮುಂದೊಂದು ದಿನ ಬ್ಯಾಂಕಿನ ಮೆಟ್ಟಿಲಲ್ಲಿ ಪೇಚಿಗೆ ಸಿಲುಕುವ ಸಾಧ್ಯತೆಯೇ ಹೆಚ್ಚು. ಏಕೆಂದರೆ ಇವೆರಡೂ ಒಂದೇ ಅಲ್ಲ.

ಎರಡು ಬಗೆಯ ಕಾರ್ಡ್

ಹಳ್ಳಿಗಳಲ್ಲಿ ‘ಕಾರ್ಡ್ ಸಾಲ’ ಎಂದರೆ ಸಾಮಾನ್ಯವಾಗಿ 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಎಂದೇ ಅರ್ಥ. ಇದು ಸರ್ಕಾರದ ಬಡ್ಡಿ ರಿಯಾಯಿತಿ ಇರುವ ಬೆಳೆ ಸಾಲ. ಪೇಟೆಯ ಕ್ರೆಡಿಟ್ ಕಾರ್ಡಿನ ಜಾಯಮಾನವೇ ಬೇರೆ. ಅದಕ್ಕೆ ಅಡಮಾನವಿಲ್ಲ, ಆದರೆ ಬಾಕಿ ಉಳಿದರೆ ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ ಬೀಳುತ್ತದೆ. ಈ ದರದಲ್ಲಿ 20 ಸಾವಿರ ರೂಪಾಯಿ ಬಾಕಿಯು ಎರಡು ವರ್ಷದಲ್ಲಿ 45 ಸಾವಿರ ರೂಪಾಯಿಯನ್ನು ದಾಟುತ್ತದೆ. ದಂಡ ಶುಲ್ಕ, ತೆರಿಗೆ ಇದಕ್ಕೆ ಹೊರತು.

ಸರ್ಕಾರಗಳು ಇದುವರೆಗೆ ಮನ್ನಾ ಮಾಡಿರುವುದು ಮೊದಲ ಬಗೆಯ ಸಾಲವನ್ನು. 2008ರ ಬಜೆಟ್‌ನಲ್ಲಿ ಪಿ. ಚಿದಂಬರಂ 60 ಸಾವಿರ ಕೋಟಿ ರೂಪಾಯಿಗಳ ಕೃಷಿ ಸಾಲ ಮನ್ನಾ ಯೋಜನೆಯನ್ನು ಪ್ರಕಟಿಸಿದರು. 2018ರ ಜುಲೈ 5ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ರಾಜ್ಯದಲ್ಲಿ ರೈತ ಕುಟುಂಬಕ್ಕೆ 2 ಲಕ್ಷ ರೂಪಾಯಿವರೆಗಿನ ಸುಸ್ತಿ ಬೆಳೆ ಸಾಲ ಮನ್ನಾ ಘೋಷಿಸಿದರು. ಇಂಥ ಯೋಜನೆಯಲ್ಲಿ ಸಾಲ ತೀರುತ್ತದೆ, ಏಕೆಂದರೆ ರೈತನ ಪರವಾಗಿ ಖಜಾನೆಯು ಬ್ಯಾಂಕಿಗೆ ಹಣ ಕಟ್ಟುತ್ತದೆ. ಕ್ರೆಡಿಟ್ ಕಾರ್ಡ್ ಸಾಲ ‘ರೈಟ್ ಆಫ್’ ಆದಾಗ ಯಾರೂ ಯಾರ ಪರವಾಗಿಯೂ ಕಟ್ಟುವುದಿಲ್ಲ.

ಏನಿದು ‘ರೈಟ್ ಆಫ್’?

ಕಾರ್ಡಿನ ಕನಿಷ್ಠ ಮೊತ್ತವೂ ಪಾವತಿಯ ಗಡುವು ಮೀರಿ 90 ದಿನ ಬಾರದಿದ್ದರೆ ಆ ಖಾತೆ ವಸೂಲಾಗದ ಸಾಲವೆನಿಸುತ್ತದೆ. ಅದಕ್ಕಾಗಿ ಬ್ಯಾಂಕು ತನ್ನ ಲಾಭದಿಂದ ಹಣ ತೆಗೆದಿರಿಸಬೇಕು. ಪೂರ್ತಿ ತೆಗೆದಿರಿಸಿದ ಮೇಲೂ ಆ ಸಾಲವನ್ನು ಲೆಕ್ಕಪತ್ರದಲ್ಲಿ ಹೊತ್ತು ತಿರುಗುವುದರಿಂದ ಬ್ಯಾಂಕಿಗೆ ಪ್ರಯೋಜನವಿಲ್ಲ. ಹೀಗಾಗಿ ಅದನ್ನು ಆಸ್ತಿಯ ಪಟ್ಟಿಯಿಂದ ಹೊರಗಿಡುತ್ತದೆ.

ರಿಸರ್ವ್ ಬ್ಯಾಂಕ್ 2023ರ ಜೂನ್ 8ರ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ತಾಂತ್ರಿಕ ‘ರೈಟ್ ಆಫ್’ ಕೇವಲ ಲೆಕ್ಕಪತ್ರದ ಸಲುವಾಗಿ ಮಾಡುವ ಕ್ರಮ. ಸಾಲಗಾರನ ಮೇಲಿನ ಹಕ್ಕನ್ನು ಬ್ಯಾಂಕು ಬಿಟ್ಟುಕೊಟ್ಟಂತಲ್ಲ. ಕೇಂದ್ರ ಸರ್ಕಾರ 2025ರ ಮಾರ್ಚ್‌ನಲ್ಲಿ ಲೋಕಸಭೆಗೆ ನೀಡಿದ ಮಾಹಿತಿಯಂತೆ, ಹತ್ತು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು ‘ರೈಟ್ ಆಫ್’ ಮಾಡಿದ ಮೊತ್ತ ಸುಮಾರು 16.35 ಲಕ್ಷ ಕೋಟಿ ರೂಪಾಯಿ. ‘ಉದ್ಯಮಿಗಳ ಸಾಲ ಮನ್ನಾ’ ಎಂದು ವಿರೋಧ ಪಕ್ಷಗಳು ಟೀಕಿಸಿದಾಗಲೆಲ್ಲ ‘ಇದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ’ ಎಂಬುದೇ ಸರ್ಕಾರದ ಉತ್ತರ. ಆ ಉತ್ತರ ದೊಡ್ಡ ಕಂಪನಿಗೆ ಅನ್ವಯಿಸುವಂತೆಯೇ ಸಣ್ಣ ಕಾರ್ಡುದಾರನಿಗೂ ಅನ್ವಯಿಸುತ್ತದೆ. ವ್ಯತ್ಯಾಸವೆಂದರೆ, ಕಂಪನಿಯ ಬಳಿ ವಕೀಲರಿರುತ್ತಾರೆ. ಕಾರ್ಡುದಾರನ ಬಳಿ ಇರುವುದು ಫೋನ್ ಮಾತ್ರ, ಅದಕ್ಕೆ ವಸೂಲಿ ಏಜೆಂಟರ ಕರೆ.

ನಿಜವಾದ ಮನ್ನಾ ಅಪರೂಪ

ಬ್ಯಾಂಕೇ ಮನಸ್ಸು ಮಾಡಿ ಸಾಲ ಬಿಟ್ಟುಕೊಟ್ಟ ಉದಾಹರಣೆ ಇಲ್ಲದಿಲ್ಲ. ಅಮೆರಿಕದ ಚೇಸ್ ಬ್ಯಾಂಕ್ ಕೆನಡಾದಲ್ಲಿ ನಡೆಸುತ್ತಿದ್ದ ಎರಡು ಕ್ರೆಡಿಟ್ ಕಾರ್ಡುಗಳನ್ನು 2018ರಲ್ಲಿ ನಿಲ್ಲಿಸಿತು. 2019ರ ಆಗಸ್ಟ್‌ನಲ್ಲಿ ಆ ಕಾರ್ಡುದಾರರ ಬಾಕಿಯೆಲ್ಲವನ್ನೂ ಮನ್ನಾ ಮಾಡಿ ಗ್ರಾಹಕರನ್ನು ಅಚ್ಚರಿಗೊಳಿಸಿತು. ಅದು ಆ ದೇಶದ ಕಾರ್ಡ್ ವ್ಯವಹಾರದಿಂದಲೇ ಹೊರನಡೆಯುತ್ತಿದ್ದ ಬ್ಯಾಂಕು ಎಂಬುದನ್ನು ಮರೆಯುವಂತಿಲ್ಲ. ಅಂಗಡಿ ಮುಚ್ಚುವವನು ಉದ್ದರಿ ಪುಸ್ತಕ ಹರಿದು ಹಾಕಬಹುದು; ಅಂಗಡಿ ನಡೆಸುವವನಿಂದ ಅದನ್ನು ನಿರೀಕ್ಷಿಸಲಾಗದು.

ನಮ್ಮಲ್ಲಿ ಸರ್ಕಾರವೇ ಮನ್ನಾ ಘೋಷಿಸಿದ ವರ್ಷದಲ್ಲೂ ರೈತರಿಗೆ ನೆಮ್ಮದಿ ಇರಲಿಲ್ಲ. 2018ರ ನವೆಂಬರ್‌ನಲ್ಲಿ ಖಾಸಗಿ ಬ್ಯಾಂಕೊಂದು ಹೂಡಿದ್ದ ಪ್ರಕರಣದಲ್ಲಿ ಬೆಳಗಾವಿ ಜಿಲ್ಲೆಯ ರೈತರಿಗೆ ದೂರದ ಕೋಲ್ಕತ್ತಾದ ನ್ಯಾಯಾಲಯದಿಂದ ಬಂಧನ ವಾರಂಟ್ ಬಂದಿತ್ತು. ಘೋಷಣೆಗೂ ಖಾತೆಯಲ್ಲಿನ ನಮೂದಿಗೂ ನಡುವೆ ಎಷ್ಟು ಅಂತರವಿರಬಲ್ಲದು ಎಂಬುದಕ್ಕೆ ಇದೇ ನಿದರ್ಶನ.

ಬಾಕಿಯ ನೆರಳು

‘ರೈಟ್ ಆಫ್’ ಆದ ಸಾಲದ ನಿಜವಾದ ಪೆಟ್ಟು ಬೀಳುವುದು ಸಿಬಿಲ್‌ನಂಥ ಸಂಸ್ಥೆಗಳ ದಾಖಲೆಯಲ್ಲಿ. ಸಾಲದ ಮಾಹಿತಿಯನ್ನು ಈ ಸಂಸ್ಥೆಗಳು ಕನಿಷ್ಠ ಏಳು ವರ್ಷ ಕಾಯ್ದಿಡಬೇಕು. ಮಗಳ ಶಿಕ್ಷಣ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಅರ್ಜಿ ಹಾಕಿದಾಗ ಎಂದೋ ಮರೆತ ಕಾರ್ಡಿನ ಬಾಕಿ ಎದುರು ಬಂದು ನಿಲ್ಲುತ್ತದೆ. ಬ್ಯಾಂಕಿನ ಬಾಗಿಲು ಮುಚ್ಚಿದವನಿಗೆ ಉಳಿಯುವುದು ದಲ್ಲಾಳಿ ಅಂಗಡಿಯ ಇಲ್ಲವೇ ಕೈಸಾಲದ ದಾರಿ. ಅಲ್ಲಿನ ಬಡ್ಡಿಗೆ ಸುತ್ತೋಲೆಗಳ ಲಗಾಮಿಲ್ಲ.

ಹಾಗೆಂದು ಸಾಲಗಾರನಿಗೆ ರಕ್ಷಣೆಯೇ ಇಲ್ಲವೆಂದಲ್ಲ. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಅವಕಾಶ. ಆದರೆ ಆ ಅವಧಿಯೊಳಗೆ ಅಲ್ಪ ಮೊತ್ತ ಕಟ್ಟಿದರೆ ಅಥವಾ ಬಾಕಿಯನ್ನು ಲಿಖಿತವಾಗಿ ಒಪ್ಪಿಕೊಂಡರೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಏಜೆಂಟರ ಒತ್ತಡಕ್ಕೆ ಮಣಿದು ಐನೂರು ರೂಪಾಯಿ ಕಟ್ಟುವ ಮುನ್ನ ಇದನ್ನು ತಿಳಿದಿರಬೇಕು. ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ದೂರಿಗೆ ಬ್ಯಾಂಕು 30 ದಿನದಲ್ಲಿ ಸ್ಪಂದಿಸದಿದ್ದರೆ ಒಂಬುಡ್ಸ್‌ಮನ್ ಮೊರೆ ಹೋಗಬಹುದು.

ಆದ್ದರಿಂದ ‘ರೈಟ್ ಆಫ್’ ಎಂಬ ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಬ್ಯಾಂಕು ತನ್ನ ಹಕ್ಕನ್ನು ಬಿಟ್ಟಿದೆಯೇ, ಇಲ್ಲವೇ? ಬಿಟ್ಟಿದ್ದರೆ ಅದನ್ನು ಬರವಣಿಗೆಯಲ್ಲಿ, ಬೇಬಾಕಿ ಪತ್ರದ ರೂಪದಲ್ಲಿ ಪಡೆಯಬೇಕು. ರಾಜಿಯಲ್ಲಿ ಕಡಿಮೆ ಮೊತ್ತ ಕಟ್ಟಿದವರೂ ಅಷ್ಟೇ. ಅಂಥವರ ದಾಖಲೆಯಲ್ಲಿ ‘ಸೆಟಲ್ಡ್’ ಎಂಬ ನಮೂದು ಉಳಿಯುತ್ತದೆಂಬುದನ್ನೂ ಗಮನಿಸಬೇಕು. ವರ್ಷಕ್ಕೊಮ್ಮೆ ಉಚಿತವಾಗಿ ದೊರೆಯುವ ಸಾಲ ವರದಿಯನ್ನು ತೆಗೆಸಿ ನೋಡುವುದು ಕ್ಷೇಮ.

ಸಾಲ ಕೊಡುವಾಗ ಕಾರ್ಡನ್ನು ಮನೆಬಾಗಿಲಿಗೆ ತಂದುಕೊಡುವ ಬ್ಯಾಂಕುಗಳಿಗೆ, ‘ರೈಟ್ ಆಫ್’ ಎಂದರೆ ಏನೆಂಬುದನ್ನು ಗ್ರಾಹಕನ ಭಾಷೆಯಲ್ಲಿ ಒಂದು ಪುಟದಲ್ಲಿ ಬರೆದು ತಿಳಿಸುವುದು ಹೊರೆಯೇನಲ್ಲ. ಅದಾಗುವ ತನಕ ಬ್ಯಾಂಕಿನ ಪುಸ್ತಕದಲ್ಲಿ ಅಳಿದ ಸಾಲ ಜನರ ಬದುಕಿನಲ್ಲಿ ಉಳಿದೇ ಇರುತ್ತದೆ.